ಹಳೆ ಹಾಯಿಗೆ ಕತ್ತರಿ ಹಾಕುವ ಮುಂಚೆ ನನ್ನ ಪಾಡು ಕೇಳಿ

ಹಳೆ ಹಾಯಿ ತಂದು, ಮನೆಯಲ್ಲೇ ಕತ್ತರಿಸಿ ಹೊಲಿದು, ಚಿಕ್ಕ ದೋಣಿಗೆ ಹೊಂದಿಸಿಕೊಳ್ಳೋಣ ಅಂತ ಯಾರಾದರೂ ಲೆಕ್ಕ ಹಾಕುತ್ತಿದ್ದರೆ ಸ್ವಲ್ಪ ನಿಲ್ಲಿ. ನಾನು ಅದನ್ನೇ ಮಾಡಿದೆ. ನಮ್ಮ ಕಾರವಾರದ ಟ್ಯಾಗೋರ್ ಬೀಚಿನಲ್ಲಿ ಜನ ಚುರುಮುರಿ ತಿನ್ನುವ ಹೊತ್ತಿಗೆ, ಅವರೆಲ್ಲರ ಕಣ್ಣೆದುರೇ, ಇನ್ನೊಬ್ಬರ ದೋಣಿಗೆ ಹಗ್ಗ ಕಟ್ಟಿಸಿಕೊಂಡು ದಡ ಸೇರಿದೆ.

ನನ್ನದು 12 ಅಡಿಯ ಫೈಬರ್ ದೋಣಿ. ಕೋಡಿಬಾಗದ ಒಬ್ಬರ ತೆಂಗಿನ ತೋಟದಲ್ಲಿ ವರ್ಷಗಟ್ಟಲೆ ಬೋರಲು ಬಿದ್ದಿತ್ತು. ತಳ ಗಟ್ಟಿ ಇತ್ತು, ಚುಕ್ಕಾಣಿ ಇತ್ತು, ಅಲ್ಯೂಮಿನಿಯಂ ಕಂಬವೂ ಇತ್ತು. ಹಾಯಿಯನ್ನು ಮಾತ್ರ ಇಲಿ ತಿಂದು ಮುಗಿಸಿತ್ತು. ಹೊಸ ಹಾಯಿಗೆ ವಿಚಾರಿಸಿದರೆ ಅದು ದೋಣಿಗಿಂತ ದುಬಾರಿ. ಊರಲ್ಲೇ ಹೊಲಿಸೋಣ ಅಂದರೆ ಯಾರಿದ್ದಾರೆ? ನಮ್ಮ ಕಡೆ ಮೀನು ಹಿಡಿಯುವ ಚಿಕ್ಕ ಪಾತಿ ದೋಣಿಗಳಿಗೂ ಎಂಜಿನ್ ಬಂದು ಎಷ್ಟೋ ಕಾಲವಾಯಿತು. ಬಲೆ ರಿಪೇರಿಯವರು ಸಿಗುತ್ತಾರೆ, ಟಾರ್ಪಾಲು ಹೊಲಿಯುವವರು ಸಿಗುತ್ತಾರೆ, ಹಾಯಿ ಅಂದರೆ ನಗುತ್ತಾರೆ.

ಆಗ ಗೋವಾದ ಕಡೆಯ ಒಬ್ಬರು ಹಳೆ ಹಾಯಿ ಮಾರುತ್ತಿದ್ದಾರೆ ಅಂತ ಗೊತ್ತಾಯಿತು. ಫೋಟೊ ಕಳಿಸಿದರು. ಬೆಳ್ಳಗೆ ಫಳಫಳ ಅನ್ನುತ್ತಿತ್ತು. 'ಎರಡೇ ಸೀಸನ್ ಬಳಸಿದ್ದು ಸರ್' ಅಂದರು. 7,000 ರೂಪಾಯಿ. ನನಗೆ ಬೇಕಾದ್ದಕ್ಕಿಂತ ದೊಡ್ಡದು, ಆದರೆ ದೊಡ್ಡದನ್ನು ಚಿಕ್ಕದು ಮಾಡುವುದು ಸುಲಭ ಅಲ್ವಾ? ಅಣ್ಣನ ಪ್ಯಾಂಟು ಕತ್ತರಿಸಿ ತಮ್ಮನಿಗೆ ಹಾಕಿದ ಹಾಗೆ. ಹಣ ಕಳಿಸಿದೆ. ನಾಲ್ಕು ದಿನ ಬಿಟ್ಟು ಬಸ್ ಸ್ಟ್ಯಾಂಡಿನಲ್ಲಿ ಮೂಟೆ ಇಳಿಸಿಕೊಂಡೆ.

ಬಿಚ್ಚಿದ ಕೂಡಲೇ ಅನುಮಾನ ಬರಬೇಕಿತ್ತು. ಬಟ್ಟೆ ಅಮ್ಮನ ಹಳೆ ವಾಯಿಲ್ ಸೀರೆಯಷ್ಟು ಮೆತ್ತಗಿತ್ತು. ನಾನು ಖುಷಿಪಟ್ಟೆ, ಹೊಲಿಯಲು ಸುಲಭ ಅಂತ! ಹಾಯಿಗೆ ಬಳಸುವ ಡೇಕ್ರಾನ್ ಅಂದರೆ ಒಂದು ಬಗೆಯ ಪಾಲಿಯೆಸ್ಟರ್. ಬಿಗಿಯಾಗಿ ನೇಯ್ದು ಮೇಲೆ ರಾಳ ಕುಡಿಸಿರುತ್ತಾರೆ. ಹೊಸದಿದ್ದಾಗ ಗಟ್ಟಿ ಕಾಗದದ ಹಾಗೆ ಚರಚರ ಸದ್ದು ಮಾಡುತ್ತದೆ. ಗಾಳಿಗೆ ಬಡಿದು ಬಡಿದು ಆ ರಾಳ ಉದುರಿ ಹೋದಾಗ ಬಟ್ಟೆ ಮೆತ್ತಗಾಗುತ್ತದೆ. ಮೆತ್ತಗಾದ ಬಟ್ಟೆ ಆಕಾರ ಹಿಡಿದು ನಿಲ್ಲುವುದಿಲ್ಲ. ಇನ್ನು ಬಿಸಿಲು ನೂಲನ್ನೇ ತಿನ್ನುತ್ತದೆ. ಬಿಳಿ ಬಣ್ಣ ನೋಡಿ ಏನೂ ಹೇಳಲು ಬರುವುದಿಲ್ಲ. ಸೋಪು ಹಾಕಿ ಉಜ್ಜಿದರೆ ಸತ್ತ ಹಾಯಿಯೂ ಬೆಳ್ಳಗೇ ಕಾಣುತ್ತದೆ.

ಈಗ ನನಗೆ ಗೊತ್ತಿರುವ ಪರೀಕ್ಷೆ ಹೇಳುತ್ತೇನೆ. ಎರಡೇ ನಿಮಿಷದ ಕೆಲಸ. ಹಳೆ ಹೊಲಿಗೆಯ ಮೇಲೆ ಹೆಬ್ಬೆರಳಿನ ಉಗುರಿನಿಂದ ಜೋರಾಗಿ ಕೆರೆಯಿರಿ. ದಾರ ಪಟ್ಟನೆ ತುಂಡಾದರೆ, ಪುಡಿಪುಡಿಯಾಗಿ ಬಂದರೆ, ಆ ಹಾಯಿ ಬಹಳ ಬಿಸಿಲು ಕಂಡಿದೆ. ಬಟ್ಟೆ ಗಟ್ಟಿ, ದಾರ ಅದರೊಳಗೆ ಹುದುಗದೆ ಮೇಲೇ ಕೂತಿರುತ್ತದೆ. ಹಾಗಾಗಿ ಮೊದಲು ಸಾಯುವುದು ದಾರ. ಬರೀ ದಾರ ಹೋಗಿದ್ದರೆ ಪರವಾಗಿಲ್ಲ, ಮತ್ತೆ ಹೊಲಿಯಬಹುದು. ಆಮೇಲೆ ಒಂದು ಮೂಲೆಯಲ್ಲಿ ಬಟ್ಟೆಯನ್ನೇ ಎರಡೂ ಕೈಯಲ್ಲಿ ಹಿಡಿದು ಹರಿಯಲು ನೋಡಿ. ಜೀವ ಇರುವ ಡೇಕ್ರಾನ್ ಕೈಯಲ್ಲಿ ಹರಿಯುವುದಿಲ್ಲ. ಕಾಗದದ ಹಾಗೆ ಹರಿದರೆ ಆ ಮೂಟೆ ಮುಟ್ಟಬೇಡಿ. ಮಾರುವವರು ಹರಿಯಲು ಬಿಡುವುದಿಲ್ಲ ಅಂದರೆ ಆಗಲೂ ಮುಟ್ಟಬೇಡಿ. ಫೋಟೊ ನೋಡಿ ಹಾಯಿ ಕೊಳ್ಳುವುದು, ಫೋಟೊ ನೋಡಿ ಮೀನು ಕೊಂಡ ಹಾಗೆ. ಕಿವಿರು ಎತ್ತಿ ನೋಡದೆ ಬಂಗಡೆ ತರುವವರು ನಮ್ಮೂರಲ್ಲಿ ಯಾರಿದ್ದಾರೆ?

ನನ್ನದರಲ್ಲಿ ದಾರ ಪೂರ್ತಿ ಸತ್ತಿತ್ತು, ಬಟ್ಟೆ ಅರ್ಧ ಜೀವದಲ್ಲಿತ್ತು. ಆ ಅರ್ಧ ಜೀವವನ್ನೂ ತೆಗೆದದ್ದು ನನ್ನ ಕತ್ತರಿ.

ಇದು ಸ್ವಲ್ಪ ಉದ್ದದ ಕತೆ, ಆದರೆ ಇದೇ ಮುಖ್ಯ. ಹಾಯಿಗೆ ಮೂರು ಅಂಚು. ಕಂಬದ ಉದ್ದಕ್ಕೂ ನಿಲ್ಲುವುದು ಮುಂದಿನ ಅಂಚು, ಲಫ್ ಅನ್ನುತ್ತಾರೆ. ಕೆಳಗಿನದು ಫುಟ್. ಹಿಂದೆ ಯಾವ ಆಸರೆಯೂ ಇಲ್ಲದೆ ಗಾಳಿಯಲ್ಲಿರುವುದು ಲೀಚ್. ನನ್ನ ಹಾಯಿ ಮುಂದೆ 20 ಅಡಿ, ಕೆಳಗೆ 10 ಅಡಿ ಇತ್ತು. ನನಗೆ ಬೇಕಾದದ್ದು ಮುಂದೆ 16, ಕೆಳಗೆ ಐದೂವರೆ. ಮುಂದಿನ ಅಂಚಿನಲ್ಲಿ ಹಗ್ಗ ಸೇರಿಸಿ ಚೆಂದವಾಗಿ ಹೊಲಿದಿದ್ದರು. ಅದನ್ನು ಬಿಚ್ಚಿ ಮತ್ತೆ ಹೊಲಿಯುವುದು ಯಾರಿಗೆ ಬೇಕು? ಹಿಂದಿನ ಅಂಚು ಹೇಗೂ ಜೂಲು ಜೂಲಾಗಿತ್ತು. ಅದನ್ನೇ ಕತ್ತರಿಸಿದರೆ ಹರುಕೂ ಹೋಯಿತು, ಅಳತೆಯೂ ಬಂತು. ಒಂದೇ ಏಟಿಗೆ ಎರಡು ಕೆಲಸ.

ಟೆರೇಸಿನ ಮೇಲೆ ಹಾಯಿ ಹಾಸಿ, ಕಲ್ಲಿಟ್ಟು, ಕರೆಂಟಿನ ವೈರ್ ಹಾಯಿಸುವ ಅರ್ಧ ಇಂಚಿನ ಪೈಪನ್ನು ಬಿಲ್ಲಿನ ಹಾಗೆ ಬಗ್ಗಿಸಿ ಗೆರೆ ಎಳೆದೆ. ಪಕ್ಕದ ಮನೆಯ ಟೇಲರ್ ಅಕ್ಕ ಹಪ್ಪಳ ಒಣಗಿಸಲು ಅವರ ಟೆರೇಸಿಗೆ ಬಂದಿದ್ದರು. ಸ್ವಲ್ಪ ಹೊತ್ತು ನೋಡಿದರು.

'ತಮ್ಮಾ, ಈ ಗೆರೆ ಕ್ರಾಸ್ ಆಯ್ತಲ್ಲೋ. ಜೋತು ಬೀಳ್ತದೆ.'

ನಾನು ನಕ್ಕೆ. 'ಅಕ್ಕಾ, ಇದು ಕ್ರಾಸ್ ಕಟ್ ಹಾಯಿಯೇ. ವಿಡಿಯೊದಲ್ಲಿ ಹೇಳಿದ್ದಾರೆ.'

ಅವರು ಸುಮ್ನೆ ಹಪ್ಪಳ ತಿರುಗಿಸಿದರು.

ಒಂದು ಮಾತಿಗೆ ಎರಡು ಅರ್ಥ ಇದ್ದು ಹಾಳಾದವನು ನಾನು. ಬ್ಲೌಸ್ ಹೊಲಿಯುವವರಿಗೆ ಕ್ರಾಸ್ ಅಂದರೆ ಬಟ್ಟೆಯನ್ನು ಓರೆಯಾಗಿ ಹಿಡಿದು ಕತ್ತರಿಸುವುದು. ಮೈಗೆ ಹಿಗ್ಗಿ ಕೂರಲಿ ಅಂತಲೇ ಹಾಗೆ ಮಾಡುತ್ತಾರೆ. ಹಾಯಿಯವರ ಬಾಯಲ್ಲಿ ಅದು ಪೂರ್ತಿ ಉಲ್ಟಾ. ಬಟ್ಟೆಯ ಪಟ್ಟಿಗಳನ್ನು ಹಿಂದಿನ ಅಂಚಿಗೆ ಸರಿಯಾಗಿ 90 ಡಿಗ್ರಿ ಅಡ್ಡಲಾಗಿ ಜೋಡಿಸಿದರೆ ಅದು ಕ್ರಾಸ್ ಕಟ್. ಹಾಗೆ ಜೋಡಿಸಿದಾಗ ಪಟ್ಟಿಯ ಅಗಲಕ್ಕೆ ನೇಯ್ದ ಹೊಕ್ಕಿನ ನೂಲುಗಳು ಹಿಂದಿನ ಅಂಚಿನ ಉದ್ದಕ್ಕೂ ನೆಟ್ಟಗೆ ಓಡುತ್ತವೆ. ಹಾಯಿಯ ಹಗ್ಗ ಎಳೆದಾಗ ಜಾಸ್ತಿ ಭಾರ ಬೀಳುವುದು ಅದೇ ಅಂಚಿನ ಮೇಲೆ. ಆ ಭಾರ ಹೊರಲಿಕ್ಕೇ ಆ ನೂಲುಗಳು ಇರುವುದು.

ಒಂದು ಕರವಸ್ತ್ರ ತೆಗೆದುಕೊಳ್ಳಿ. ಎದುರು ಬದುರಿನ ಅಂಚು ಹಿಡಿದು ಎಳೆಯಿರಿ, ಹಿಗ್ಗುವುದಿಲ್ಲ. ಮೂಲೆಯಿಂದ ಮೂಲೆಗೆ ಎಳೆಯಿರಿ, ಹಪ್ಪಳದ ಹಿಟ್ಟಿನ ಹಾಗೆ ಬರುತ್ತದೆ. ನನ್ನ ಹೊಸ ಅಂಚು ಹಳೆಯದಕ್ಕಿಂತ ಸುಮಾರು 8 ಡಿಗ್ರಿ ಓರೆಯಾಗಿತ್ತು. ಎಂಟೇ ಡಿಗ್ರಿ! ಆದರೆ ಹಿಂದಿನ ತುದಿಯಿಂದ ನೆತ್ತಿಯವರೆಗೆ ನೆಟ್ಟಗೆ ಹೋಗುವ ಒಂದು ನೂಲೂ ಉಳಿಯಲಿಲ್ಲ. ಎಲ್ಲ ನೂಲೂ ಅರ್ಧ ದಾರಿಯಲ್ಲೇ ತುಂಡು. ಬಲ್ಲವರು ಹಿಂದಿನ ಅಂಚನ್ನು ದೇವರ ಹಾಗೆ ಮುಟ್ಟದೆ ಉಳಿಸಿಕೊಂಡು, ಮುಂದಿನಿಂದ ಮತ್ತು ಕೆಳಗಿನಿಂದ ಕತ್ತರಿಸುತ್ತಾರೆ. ಹಗ್ಗ ಬಿಚ್ಚಿ ಮತ್ತೆ ಹೊಲಿಯುವ ಕಷ್ಟ ಇದ್ದದ್ದೇ.

ಇನ್ನೊಂದು ಎಡವಟ್ಟು. ಹಾಯಿ ನೋಡಲು ಚಪ್ಪಟೆ, ಆದರೆ ಗಾಳಿ ತುಂಬಿದಾಗ ಹೊಟ್ಟೆ ಬರಬೇಕು. ಆ ಹೊಟ್ಟೆ ಬರುವುದು ಪಟ್ಟಿಗಳ ಜೋಡಣೆಯಿಂದ. ಒಂದೊಂದು ಪಟ್ಟಿಯ ಅಂಚನ್ನೂ ಒಂಚೂರು ಬಾಗಿಸಿ ಕತ್ತರಿಸಿ ಹೊಲಿದಿರುತ್ತಾರೆ, ಬ್ಲೌಸಿಗೆ ಟಕ್ಸ್ ಹಿಡಿದ ಹಾಗೆ. ಮುಂದಿನ ಅಂಚನ್ನೂ ಸ್ವಲ್ಪ ಉಬ್ಬಿಸಿರುತ್ತಾರೆ. ನಾನು ಕೆಳಗಿನ 4 ಅಡಿ ಕತ್ತರಿಸಿದಾಗ ಕೆಳಗಿದ್ದ ಟಕ್ಸೆಲ್ಲ ಅದರ ಜೊತೆ ಹೋಯಿತು. ಹಿಂದಿನ ಅಂಚು ನೆಟ್ಟಗೆ ನಿಲ್ಲಲಿ ಅಂತ ಕಡ್ಡಿ ಸಿಗಿಸುವ ಚೀಲಗಳೂ ಹೋದವು. ಆದರೂ ಚೆಂದ ಕಾಣಲಿ ಅಂತ ಅಂಚನ್ನು ಹೊರಕ್ಕೆ ಉಬ್ಬಿಸಿಯೇ ಕತ್ತರಿಸಿದ್ದೆ. ಕಡ್ಡಿ ಇಲ್ಲದ ಹಾಯಿಯ ಹಿಂದಂಚು ಒಳಕ್ಕೆ ಬಾಗಿರಬೇಕು. ಇಲ್ಲವಾದರೆ ಬಾವುಟದ ಹಾಗೆ ಪಟಪಟ ಹೊಡೆದುಕೊಳ್ಳುತ್ತದೆ.

ಹೊಲಿಗೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಾಚಿಕೆಯಾಗುತ್ತದೆ. ಅಮ್ಮನ ಕಾಲು ಮಷಿನ್. ಅದರಲ್ಲಿ ನೇರ ಹೊಲಿಗೆ ಮಾತ್ರ ಬರುತ್ತದೆ. ಬಟ್ಟೆ ಹಿಗ್ಗಿದಾಗ ನೇರ ಹೊಲಿಗೆಯ ದಾರ ಹಿಗ್ಗದೆ ತುಂಡಾಗುತ್ತದೆ, ಅದಕ್ಕೇ ಹಾಯಿಗೆ ಜಿಗ್‌ಜಾಗ್ ಹಾಕುವುದು. ದಾರ ಅಂಗಡಿಯಲ್ಲಿ ಶರ್ಟಿಗೆ ಕೊಡುವ ರೀಲು. ಬೇಕಾಗಿದ್ದದ್ದು ಬಿಸಿಲು ತಡೆಯುವ ದಪ್ಪ ಪಾಲಿಯೆಸ್ಟರ್ ದಾರ, 16 ಅಥವಾ 18ನೇ ನಂಬರಿನ ಸೂಜಿ. ಪದರಗಳು ಜಾರದ ಹಾಗೆ ಮೊದಲು ಎರಡೂ ಕಡೆ ಅಂಟುವ ಟೇಪ್ ಹಾಕಬೇಕಿತ್ತು. ನಾನು ಗುಂಡುಪಿನ್ನು ಚುಚ್ಚಿದೆ. ಒಂದೊಂದು ಪಿನ್ನಿಗೂ ಒಂದೊಂದು ತೂತು.

ಜನವರಿಯ ಒಂದು ಭಾನುವಾರ ದೋಣಿ ಇಳಿಸಿದೆವು. ನಾನು ಮತ್ತು ಪಿಯುಸಿ ಓದುವ ಅಕ್ಕನ ಮಗ. ಕಾಳಿ ನದಿಯ ಹಳೆ ಸೇತುವೆ 2024ರ ಆಗಸ್ಟಿನಲ್ಲಿ ಕುಸಿದ ಮೇಲೆ ಆ ಕಂಬಗಳ ಕಡೆ ದೋಣಿ ಒಯ್ಯಲು ನನಗೆ ಮನಸ್ಸಿಲ್ಲ. ಅದಕ್ಕೇ ಸಮುದ್ರದ ಕಡೆಗೇ ತಿರುಗಿಸಿದೆ. ಕೋಡಿಬಾಗದಿಂದ ಅಳಿವೆಯ ಆಚೆ ದಡದ ದೇವಬಾಗಕ್ಕೆ ಹೋಗಿ ಬರುವುದು, ಅಷ್ಟೇ.

ಆ ಕಾಲದಲ್ಲಿ ನಮ್ಮಲ್ಲಿ ಬೆಳಿಗ್ಗೆ ಗುಡ್ಡದ ಕಡೆಯಿಂದ ಗಾಳಿ, ಮಧ್ಯಾಹ್ನದ ಮೇಲೆ ವಾಯವ್ಯದಿಂದ ಸಮುದ್ರದ ಗಾಳಿ. ನಾವು ಹೊರಟದ್ದು ಊಟ ಮಾಡಿ. ದೇವಬಾಗ ಇರುವುದು ಗಾಳಿ ಬರುವ ದಿಕ್ಕಿಗೇ. ಮೇಲಾಗಿ ನೀರು ಇಳಿಯುವ ಹೊತ್ತು, ನದಿ ಸಮುದ್ರಕ್ಕೆ ನುಗ್ಗುತ್ತಿತ್ತು. ಗಾಳಿ ಒಳಕ್ಕೆ, ನೀರು ಹೊರಕ್ಕೆ. ಆ ಎರಡೂ ಎದುರಾದ ಕಡೆ ಅಲೆ ಗಿಡ್ಡಗೆ, ಕಡಿದಾಗಿ ಏಳುತ್ತದೆ. ಮೀನುಗಾರರ ಮಕ್ಕಳಿಗೂ ಗೊತ್ತಿರುವ ಸಂಗತಿ. ನಾನು ನೋಡುತ್ತಿದ್ದದ್ದು ನನ್ನ ಹಾಯಿಯನ್ನು.

ಮೊದಲ ಹತ್ತು ನಿಮಿಷ ಸ್ವರ್ಗ. ಆಮೇಲೆ ಗಾಳಿ ಏರಿತು. ಹಾಯಿಯ ಹಿಂದಂಚು ಹೊಡೆದುಕೊಳ್ಳಲು ಶುರು ಮಾಡಿತು. ಸರಿಮಾಡಲು ಹಗ್ಗ ಎಳೆದೆ. ಎಳೆದಷ್ಟೂ ಅಂಚು ಉದ್ದವಾಯಿತೇ ಹೊರತು ಬಿಗಿಯಾಗಲಿಲ್ಲ. ಟೇಲರ್ ಅಕ್ಕ ಹೇಳಿದ ಮಾತು ಅಕ್ಷರಕ್ಕಕ್ಷರ ಕಣ್ಣೆದುರು: ಜೋತು ಬಿತ್ತು. ಜೋತ ಹಾಯಿ ಗಾಳಿಯ ಎದುರಿಗೆ ದೋಣಿಯನ್ನು ಒಯ್ಯುವುದಿಲ್ಲ, ಬರೀ ಓರೆ ಮಾಡಿ ಪಕ್ಕಕ್ಕೆ ದೂಡುತ್ತದೆ. ದೇವಬಾಗದ ಗಾಳಿಮರಗಳು ಹತ್ತಿರವಾಗುವ ಬದಲು ದೂರವಾಗುತ್ತಿದ್ದವು. ನೀರು ನಮ್ಮನ್ನು ಹೊರಕ್ಕೆಳೆಯಿತು, ಗಾಳಿ ದಕ್ಷಿಣಕ್ಕೆ, ಅಲೆ ಒಡೆಯುವ ಮರಳದಿಬ್ಬದ ಕಡೆಗೆ ತಳ್ಳಿತು.

ತಿರುಗೋಣ ಅಂತ ಚುಕ್ಕಾಣಿ ಹಾಕಿದೆ. ಹಾಯಿ ಆ ಕಡೆಯಿಂದ ಈ ಕಡೆಗೆ ಬಡಿಯಿತು. ಟಿರ್ರ್ ಅಂತ ಒಂದು ಸದ್ದು. ಶರ್ಟಿನ ಗುಂಡಿ ಬಿಚ್ಚಿದ ಹಾಗೆ ಒಂದರ ಹಿಂದೊಂದು ಹೊಲಿಗೆ ಬಿಟ್ಟುಕೊಂಡಿತು. ಆಮೇಲೆ ಬಟ್ಟೆಯೇ, ಗುಂಡುಪಿನ್ನಿನ ತೂತುಗಳ ಸಾಲು ಹಿಡಿದು, ಅಡ್ಡಲಾಗಿ ಹರಿಯಿತು. ಅಕ್ಕನ ಮಗ ಡಬ್ಬಿಯಲ್ಲಿ ನೀರು ಗೋಚುತ್ತಿದ್ದ. ಅವನ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. ಇಬ್ಬರೂ ಲೈಫ್ ಜಾಕೆಟ್ ಹಾಕಿದ್ದೆವು. ಆ ದಿನ ನಾನು ಸರಿಯಾಗಿ ಮಾಡಿದ್ದು ಅದೊಂದೇ. ಹುಟ್ಟು ಒಂದೇ ಇತ್ತು. ಹಾಯಿ ಇದೆಯಲ್ಲ ಅಂತ ಇನ್ನೊಂದನ್ನು ಮನೆಯಲ್ಲಿ ಬಿಟ್ಟಿದ್ದೆ.

ಬಲೆ ಬಿಟ್ಟು ವಾಪಸ್ ಬರುತ್ತಿದ್ದ ಒಂದು ಪಾತಿ ದೋಣಿಯವರು ನೋಡಿ ತಿರುಗಿಸಿದರು. ಹಗ್ಗ ಎಸೆದರು. ಅದರಲ್ಲಿದ್ದ ಅಜ್ಜ ನನ್ನ ಹಾಯಿಯನ್ನು ಎತ್ತಿ ನೋಡಿ, 'ಎಂತ ಮಾರಾಯಾ, ಇದು ಶೀಡೋ, ಹಾಸಿಗೆ ಹೊದಿಕೆಯೋ?' ಅಂದರು. ಕೊಂಕಣಿಯಲ್ಲಿ ಹಾಯಿಗೆ ಶೀಡ ಅನ್ನುತ್ತಾರೆ. ಡೀಸೆಲ್ ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಹಿಂದಂಚನ್ನು ಬೆರಳಲ್ಲಿ ಎರಡು ಸಲ ಎಳೆದು ನೋಡಿದರು. 'ನೂಲು ಓಡುವ ಕಡೆ ಕತ್ತರಿ ಹಾಕ್ಲಿಲ್ಲ ನೀನು' ಅಂದರು. ಟೇಲರ್ ಅಕ್ಕ ಹೇಳಿದ್ದೂ ಅದನ್ನೇ. ವಿಡಿಯೊ ನೋಡದ ಇಬ್ಬರಿಗೂ ಗೊತ್ತಿತ್ತು.

ಮಾರಿದವರಿಗೆ ಫೋನ್ ಮಾಡಿದೆ. 'ಕತ್ತರಿಸಿದ ಮಾಲು ವಾಪಸ್ ಇಲ್ಲ ಸರ್.' ಅವರ ಮಾತೂ ಒಂದು ಲೆಕ್ಕಕ್ಕೆ ಸರಿಯೇ. 'ಎರಡೇ ಸೀಸನ್' ಅಂದದ್ದು ಮಾತ್ರ ಶುದ್ಧ ಸುಳ್ಳು.

ಈಗ ಮತ್ತೆ ಕಲಿಯುತ್ತಿದ್ದೇನೆ, ಉಲ್ಟಾ ಕ್ರಮದಲ್ಲಿ. ಮೊದಲು ಕಾಗದದಲ್ಲಿ, ಒಂದು ಅಡಿಗೆ ಒಂದು ಇಂಚಿನಂತೆ. ಆಮೇಲೆ ಹಳೆ ಬೆಡ್‌ಶೀಟಿನಲ್ಲಿ, ಪೂರ್ತಿ ಅಳತೆಗೆ. ಬೆಡ್‌ಶೀಟನ್ನು ಅಂಗಳದಲ್ಲೇ ಕಂಬಕ್ಕೆ ಕಟ್ಟಿ, ಗಾಳಿ ಬಂದಾಗ ಹೊಟ್ಟೆ ಎಲ್ಲಿ ಬರುತ್ತದೆ ಅಂತ ನೋಡುತ್ತೇನೆ. ಅರ್ಧಕ್ಕಿಂತ ಒಂಚೂರು ಮುಂದೆ ಬಂದರೆ ಸರಿ, ಹಿಂದಕ್ಕೆ ಜಾರಿದರೆ ಮತ್ತೆ ಬಿಚ್ಚು. ಕತ್ತರಿ ಟೇಲರ್ ಅಕ್ಕನ ಕೈಯಲ್ಲಿ, ಗೆರೆ ನನ್ನದು. ಗೆರೆ ಎಳೆದ ಮೇಲೆ ಅವರು ನೂಲಿನ ದಿಕ್ಕು ನೋಡಿ ತಲೆ ಆಡಿಸಬೇಕು, ಆಮೇಲೆಯೇ ಮುಂದಿನ ಕೆಲಸ. ನೀರಿಗೆ ಇಳಿಸುವ ದಿನ ಬಂದರೆ ಸೇತುವೆಗೂ ಅಳಿವೆಗೂ ದೂರ, ಒಳಗಿನ ಹಿನ್ನೀರಿನಲ್ಲಿ, ನೀರು ಏರುವ ಹೊತ್ತಿನಲ್ಲಿ, ಎರಡೂ ಹುಟ್ಟು ಇಟ್ಟುಕೊಂಡು.

ಆ 7,000 ರೂಪಾಯಿಯ ಹಾಯಿಯನ್ನು ನನ್ನ ಅಕ್ಕ ಕೊಟ್ಟಿಗೆಯ ಪಕ್ಕದ ಕಟ್ಟಿಗೆ ರಾಶಿಗೆ ಹೊದೆಸಲು ಒಯ್ದಳು. ಜೂನಿನ ಮೊದಲ ಮಳೆಗೇ ಫೋನ್ ಬಂತು. ಸೋರುತ್ತದಂತೆ.