ಎರ್ಲಾಂಗ್/ಓಟಿಪಿ: ಬಿದ್ದರೆ ಎಬ್ಬಿಸುತ್ತದೆ, ಯಾಕೆ ಬಿದ್ದೆ ಎಂದು ಕೇಳುವುದಿಲ್ಲ

ತನ್ನನ್ನು ತಾನೇ ಹೊಂದಿಸಿಕೊಳ್ಳುವ ಸಾಫ್ಟ್‌ವೇರ್‌ಗೆ ನಾಲ್ಕು ಕೆಲಸ: ಗಮನಿಸುವುದು, ವಿಶ್ಲೇಷಿಸುವುದು, ಯೋಜಿಸುವುದು, ಜಾರಿ ಮಾಡುವುದು. 1986ರಲ್ಲಿ ಟೆಲಿಕಾಂ ಕಂಪನಿ ಎರಿಕ್ಸನ್‌ನಲ್ಲಿ ಹುಟ್ಟಿದ ಪ್ರೋಗ್ರಾಮಿಂಗ್ ಭಾಷೆ ಎರ್ಲಾಂಗ್ (ಓಟಿಪಿ ಅದರ ಜೊತೆ ಬರುವ ಲೈಬ್ರರಿಗಳ ಕಟ್ಟು) ಮೊದಲನೆಯದಕ್ಕೂ ಕೊನೆಯದಕ್ಕೂ ಗಟ್ಟಿ. ನಡುವಿನ ಎರಡಕ್ಕೆ ಭಾಷೆಯಲ್ಲಿ ಏನೂ ಇಲ್ಲ.

ಸಿಸ್ಟಮ್ ನಿಲ್ಲಿಸದೆ ಕೋಡ್ ಬದಲಿಸುವುದರಲ್ಲಿ ಇದರ ಸಮಕ್ಕೆ ನಿಲ್ಲುವ ಭಾಷೆಗಳು ಕಡಿಮೆ. ಒಂದೇ ಮಾಡ್ಯೂಲ್‌ನ ಹೊಸದು, ಹಳೆಯದು ಎರಡೂ ಮೆಮೊರಿಯಲ್ಲಿ ಒಟ್ಟಿಗೆ ಇರುತ್ತವೆ. ಪ್ರೊಸೆಸ್‌ನ (ಎರ್ಲಾಂಗ್ ಒಳಗೆ ಸ್ವತಂತ್ರವಾಗಿ ಓಡುವ ಪುಟ್ಟ ಕೆಲಸ) ಲೂಪ್ ತನ್ನನ್ನು ಮಾಡ್ಯೂಲ್ ಹೆಸರಿನ ಸಮೇತ ಕರೆದುಕೊಂಡರೆ ಮಾತ್ರ ಹೊಸದಕ್ಕೆ ದಾಟುತ್ತದೆ. ಬರೀ ಫಂಕ್ಷನ್ ಹೆಸರಿನಿಂದ ಕರೆದರೆ ಹಳೆಯದರಲ್ಲೇ ಸುತ್ತುತ್ತಿರುತ್ತದೆ. ಮೂರನೆಯ ಆವೃತ್ತಿ ತರಬೇಕೆಂದರೆ ಹಳೆಯದನ್ನು ಪರ್ಜ್ ಮಾಡಬೇಕು (ಮೆಮೊರಿಯಿಂದ ಅಳಿಸಬೇಕು), ಆಗ ಅದರಲ್ಲಿ ಸಿಕ್ಕಿಕೊಂಡ ಪ್ರೊಸೆಸ್‌ಗಳು ಸಾಯುತ್ತವೆ. ಹಳೆಯ ಮಾಡ್ಯೂಲ್‌ನ ಒಂದು ಫನ್ (ಮೌಲ್ಯದಂತೆ ಇಟ್ಟುಕೊಳ್ಳಬಹುದಾದ ಫಂಕ್ಷನ್) ಅನ್ನು ಸ್ಟೇಟ್‌ನಲ್ಲಿ, ಅಂದರೆ ತಾನು ನೆನಪಿಡುವ ಡೇಟಾದಲ್ಲಿ, ಇಟ್ಟುಕೊಂಡ ಪ್ರೊಸೆಸ್‌ಗೂ ಅದೇ ಗತಿ. ಇದು ಹಲವರಿಗೆ ಹೊಳೆಯುವುದೇ ಇಲ್ಲ. ಪ್ರೊಡಕ್ಷನ್‌ನಲ್ಲಿ ಮೊದಲು ಯಾವ ಪ್ರೊಸೆಸ್ ಅನ್ನೂ ಕೊಲ್ಲದ ಸಾಫ್ಟ್ ಪರ್ಜ್ ಓಡಿಸಿ, ಫಾಲ್ಸ್ ಬಂದರೆ (ಹಳೆಯದು ಇನ್ನೂ ಬಳಕೆಯಲ್ಲಿದೆ ಎಂದರ್ಥ) ಕಾಯಿರಿ. ಸ್ಟೇಟ್ ರೆಕಾರ್ಡ್‌ಗೆ ಫೀಲ್ಡ್ ಸೇರಿಸಿದ್ದರೆ ಕೋಡ್ ಬದಲಾಗುವಾಗ ಓಟಿಪಿ ಕರೆಯುವ ಕೋಡ್ ಚೇಂಜ್ ಕಾಲ್‌ಬ್ಯಾಕ್‌ನಲ್ಲಿ ಹಳೆಯ ಟಪಲ್ (ರೆಕಾರ್ಡ್‌ನ ಒಳರೂಪ) ಬಿಚ್ಚಿ ಹೊಸದು ಕಟ್ಟಬೇಕು. ಮರೆತರೆ, ಆ ರೆಕಾರ್ಡ್ ಮುಟ್ಟುವ ಮೊದಲ ಮೆಸೇಜ್‌ಗೇ ಪ್ರೊಸೆಸ್ ಬೀಳುತ್ತದೆ.

ಬಿದ್ದ ಪ್ರೊಸೆಸ್‌ಗಳನ್ನು ಮತ್ತೆ ಎಬ್ಬಿಸುವ ಸೂಪರ್‌ವೈಸರ್‌ಗೆ ಸಿಕ್ಕಿರುವ ಹೊಗಳಿಕೆ ಸ್ವಲ್ಪ ಜಾಸ್ತಿಯಾಯಿತು. ಡಿಫಾಲ್ಟ್ ಮಿತಿ 5 ಸೆಕೆಂಡಿಗೆ 1 ರೀಸ್ಟಾರ್ಟ್. ಅಷ್ಟರೊಳಗೆ ಇನ್ನೊಮ್ಮೆ ಬಿದ್ದರೆ ಅದು ತನ್ನ ಕೆಳಗಿನ ಪ್ರೊಸೆಸ್‌ಗಳನ್ನೆಲ್ಲ ನಿಲ್ಲಿಸಿ ತಾನೂ ನಿಲ್ಲುತ್ತದೆ, ತಲೆನೋವು ಮೇಲಿನ ಸೂಪರ್‌ವೈಸರ್‌ಗೆ. ಎರಡು ರೀಸ್ಟಾರ್ಟ್‌ಗಳ ನಡುವೆ ಕಾಯುವ ವ್ಯವಸ್ಥೆಯೇ ಇಲ್ಲ. ಇನಿಟ್‌ನಲ್ಲೇ (ಪ್ರೊಸೆಸ್ ಶುರುವಾಗುವಾಗ ಓಡುವ ಫಂಕ್ಷನ್) ಡೇಟಾಬೇಸ್‌ಗೆ ಕನೆಕ್ಟ್ ಆಗುವ ವರ್ಕರ್ (ಕೆಲಸ ಮಾಡುವ ಪ್ರೊಸೆಸ್) ಇದ್ದು, ಡೇಟಾಬೇಸ್ 30 ಸೆಕೆಂಡ್ ಕೈಕೊಟ್ಟರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಮಿತಿ ಮುಗಿದು ಇಡೀ ಅಪ್ಲಿಕೇಶನ್ ಮಲಗಬಹುದು. ಇನಿಟ್ ಬರೀ ‘ಕನೆಕ್ಟ್ ಆಗಿಲ್ಲ’ ಎಂಬ ಸ್ಟೇಟ್ ಕೊಟ್ಟು ಮುಗಿಸಲಿ; ಪ್ರಯತ್ನವೆಲ್ಲ ಓಟಿಪಿ 21ರಲ್ಲಿ ಬಂದ, ಇನಿಟ್ ಮುಗಿದ ಕೂಡಲೇ ಓಡುವ ಹ್ಯಾಂಡಲ್ ಕಂಟಿನ್ಯೂನಲ್ಲಿ ನಡೆಯಲಿ; ಆಗದಿದ್ದರೆ, ಹೇಳಿದಷ್ಟು ಹೊತ್ತಿನ ಮೇಲೆ ಮೆಸೇಜ್ ಕಳಿಸುವ ಸೆಂಡ್ ಆಫ್ಟರ್‌ನಿಂದ 1, 2, 4 ಸೆಕೆಂಡ್ ಹೀಗೆ ಅಂತರ ಹೆಚ್ಚಿಸುತ್ತ ಹೋಗಿ. ಮಿತಿಯನ್ನೇ ಏರಿಸಿಬಿಡೋಣ ಅನ್ನುವವರಿಗೆ: ಹಂತಗಳ ಮಿತಿಗಳು ಒಂದಕ್ಕೊಂದು ಗುಣಿಸಿಕೊಳ್ಳುತ್ತವೆ. ಮೇಲೆ 10, ಕೆಳಗೆ 10 ಇಟ್ಟರೆ ಕೆಟ್ಟ ಪ್ರೊಸೆಸ್ ಒಂದು 100 ಸಲ ಏಳುತ್ತದೆ.

ಪ್ರೊಸೆಸ್‌ಗೆ ಬಂದ ಮೆಸೇಜ್‌ಗಳು ಕಾಯುವ ಮೇಲ್‌ಬಾಕ್ಸ್‌ಗೆ ತಾನಾಗಿ ಮಿತಿ ಇಲ್ಲ, ತುಂಬುತ್ತ ಹೋದರೆ ನೋಡ್‌ನ (ಓಡುತ್ತಿರುವ ಇಡೀ ಎರ್ಲಾಂಗ್ ವ್ಯವಸ್ಥೆಯ) ಮೆಮೊರಿಯೇ ಮುಗಿದುಹೋಗುತ್ತದೆ. ಓಟಿಪಿ 27ರ ಸಿಸ್ಟಮ್ ಮಾನಿಟರ್ ಇದಕ್ಕೆ ಎರಡು ಅಂಕಿ ಕೇಳುತ್ತದೆ: ಎಷ್ಟಕ್ಕೆ ಏರಿದರೆ ಎಚ್ಚರಿಸಬೇಕು, ಎಷ್ಟಕ್ಕೆ ಇಳಿದರೆ ಸುಮ್ಮನಾಗಬೇಕು. 1000ಕ್ಕೆ ಏರಿಕೆ, 200ಕ್ಕೆ ಇಳಿಕೆ ಎಂದಿಟ್ಟರೆ ಗಡಿಯಲ್ಲಿ ಓಲಾಡುತ್ತ ನಿಮಿಷಕ್ಕೊಮ್ಮೆ ನಿರ್ಧಾರ ಬದಲಿಸುವ ಕಾಟ ತಪ್ಪುತ್ತದೆ. ಒಂದೇ ಅಂಕಿ ಕೇಳದೆ ಎರಡು ಕೇಳಿದ್ದು ಜಾಣತನ.

ಇನ್ನು ಇಲ್ಲದಿರುವುದು, ಅಂದರೆ ವಿಶ್ಲೇಷಿಸುವುದು ಮತ್ತು ಯೋಜಿಸುವುದು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಇಂಥ ಸಾಫ್ಟ್‌ವೇರ್‌ಗಾಗಿಯೇ ನಡೆದ ರೇನ್‌ಬೋ ಯೋಜನೆಯ ಸ್ಟಿಚ್ ಭಾಷೆಯಲ್ಲಿ ಪ್ರತಿ ಟ್ಯಾಕ್ಟಿಕ್‌ಗೂ (ಹೊಂದಾಣಿಕೆಯ ಒಂದು ಹೆಜ್ಜೆ) ಮೂರು ಭಾಗ: ಷರತ್ತು, ಕ್ರಿಯೆ, ನಿರೀಕ್ಷಿತ ಪರಿಣಾಮ. ಸರ್ವರ್ ಸೇರಿಸಿ 5000 ಮಿಲಿಸೆಕೆಂಡ್ ಕಾದು, ಪರಿಣಾಮ ಕಾಣದಿದ್ದರೆ ಬೇರೆ ಟ್ಯಾಕ್ಟಿಕ್ ಹಿಡಿ ಎಂದು ಅಲ್ಲಿ ನೇರವಾಗಿ ಬರೆಯಬಹುದು. ಎರ್ಲಾಂಗ್‌ನಲ್ಲಿ ಅದನ್ನೇ ಜೆನ್ ಸ್ಟೇಟೆಮ್‌ನ (ಸ್ಟೇಟ್ ಮಷೀನ್ ಬರೆಯಲು ಓಟಿಪಿ ಕೊಡುವ ಮಾಡ್ಯೂಲ್) ಸ್ಟೇಟ್ ಟೈಮ್‌ಔಟ್‌ಗಳಿಂದ ಕೈಯಾರೆ ಹೆಣೆಯಬೇಕು. ‘ಪರಿಣಾಮ ಕಾಣಲಿಲ್ಲ’ ಎಂಬ ದಾರಿಯನ್ನು ಬರೆಯದೇ ಬಿಟ್ಟರೂ ಕಂಪೈಲರ್ ಚಕಾರ ಎತ್ತುವುದಿಲ್ಲ. ಆ ನಿರ್ಧಾರದ ಪ್ರೊಸೆಸ್ ಅನ್ನು ಮಾತ್ರ ವರ್ಕರ್‌ಗಳಿರುವ ಸೂಪರ್‌ವೈಸರ್ ಕೆಳಗೆ ಇಡಬೇಡಿ. ಅವು ಮಿತಿ ಮೀರಿದ ದಿನ ಅವುಗಳ ಜೊತೆ ಇದೂ ನಿಲ್ಲುತ್ತದೆ.