ಮಗುವಿನ ಇಸುಬಿಗೆ ‘ಇಮ್ಯೂನಿಟಿ ಇಂಜೆಕ್ಷನ್’ ಅಂದರೆ ಮೊದಲು ಡಬ್ಬಿ ತೋರಿಸಿ ಅನ್ನಿ

ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ.

ನನ್ನ ಮಗಳಿಗೆ ಮೂರು ವರ್ಷ, 13 ಕೆಜಿ. ನಾಲ್ಕು ತಿಂಗಳ ಕೂಸಾಗಿದ್ದಾಗಿನಿಂದ ಎಕ್ಸಿಮಾ, ಅಂದರೆ ಇಸುಬು. ಮೊಣಕೈ ಮಡಿಕೆ, ಮಂಡಿ ಹಿಂದೆ, ಕುತ್ತಿಗೆ, ಎಲ್ಲಾ ಕೆರೆದು ಕೆರೆದು ರಕ್ತ. ರಾತ್ರಿ ಕೈಗೆ ಕಾಲುಚೀಲ ಹಾಕಿ ಮಲಗಿಸುತ್ತಿದ್ದೆವು. ಮನೆಯಲ್ಲಿ ಇಂಥ ಮಗು ಇದ್ದರೆ ಯಾರು ಏನು ಹೇಳಿದರೂ ನಂಬುತ್ತೇವೆ, ಅಲ್ವಾ?

ಬೇಲೂರಿಂದ ಹಾಸನದ ಒಂದು ಕ್ಲಿನಿಕ್‌ಗೆ ಹೋದೆವು. ಅಲ್ಲಿನ ಡಾಕ್ಟರ್ ಇಸುಬಿಗೆ ಡುಪಿಲುಮ್ಯಾಬ್ ಅನ್ನೋ ಇಂಜೆಕ್ಷನ್ ಹೆಸರು ಹೇಳಿದರು. ಅಮೆರಿಕದಲ್ಲಿ 2022ರಲ್ಲಿ 6 ತಿಂಗಳ ಮಕ್ಕಳಿಗೂ ಒಪ್ಪಿಗೆ ಸಿಕ್ಕಿದೆ ಅಂತ ಮೊಬೈಲಲ್ಲಿ ತೋರಿಸಿದರು. ಅದು ಸುಳ್ಳಲ್ಲ. ಅದಕ್ಕೇ ಬಿದ್ದೆ. ‘ಇಮ್ಯೂನಿಟಿ ಜಾಸ್ತಿ ಆಗುತ್ತೆ. ನಾಲ್ಕು ಡೋಸ್, ಆಮೇಲೆ ಜನ್ಮದಲ್ಲಿ ಬರಲ್ಲ, ಗ್ಯಾರಂಟಿ.’ ಡೋಸಿಗೆ 18,000. ಮೆಣಸು ಮಾರಿದ ದುಡ್ಡು ಎಣಿಸಿ ಕೊಟ್ಟೆವು.

ಮೇಜಿನ ಡ್ರಾಯರ್‌ನಿಂದ ಒಂದು ಪುಟ್ಟ ಸೀಸೆ ತೆಗೆದರು. ಚೀಟಿ ಕಿತ್ತಿತ್ತು. ಚೆನ್ನಾಗಿ ಕುಲುಕಿದರು. ಒಳಗೆ ನೀರು ಮಜ್ಜಿಗೆ ಥರ ಬೆಳ್ಳಗೆ. ತೂಕ ಕೂಡ ನೋಡಲಿಲ್ಲ. ಎಲ್ಲಾ ನನ್ನ ಕಣ್ಣೆದುರೇ. ಮಗಳು ಒದ್ದಾಡದ ಹಾಗೆ ಕಾಲು ಗಟ್ಟಿಯಾಗಿ ಹಿಡಿದುಕೊಂಡವಳೂ ನಾನೇ. ಬಿಲ್ ಕೇಳಿದ್ದಕ್ಕೆ ‘ಬಿಲ್ ಹಾಕಿದ್ರೆ ನಿಮಗೇ ಜಾಸ್ತಿ ಆಗುತ್ತೆ ಅಮ್ಮಾ’ ಅಂದರು.

ಮೂರೇ ದಿನ, ಚರ್ಮ ಬೆಣ್ಣೆ! ಕುಣಿದಾಡಿಬಿಟ್ಟೆ. ನಮ್ಮ ಅತ್ತಿಗೆ ಮಗುವನ್ನೂ ಅಲ್ಲಿಗೇ ಕಳಿಸಿದೆ. ಈಗ ಅತ್ತಿಗೆ ಮುಖ ನೋಡೋಕಾಗುತ್ತಿಲ್ಲ.

ಎರಡು ವಾರಕ್ಕೆ ಎರಡನೇ ಡೋಸ್. ಆಮೇಲೆ ಮಗಳ ಮುಖ ಊದಿಕೊಂಡಿತು, ದಿನವಿಡೀ ಹಸಿವು ಹಸಿವು ಅಂತ ಅಳು. ತಿಂಗಳೊಳಗೆ ಇಸುಬು ಮೊದಲಿಗಿಂತ ಎರಡರಷ್ಟು ಬಂತು. ಫೋಟೋ ಕಳಿಸಿದೆ. ಉತ್ತರ ಏನು ಗೊತ್ತಾ? ‘ಒಳಗಿನ ವಿಷ ಹೊರಗೆ ಬರ್ತಿದೆ, ಒಳ್ಳೇದು.’ ಒಳ್ಳೇದಂತೆ! ಔಷಧದ ಹೆಸರು ಬರೆದುಕೊಡಿ ಅಂದರೆ, ‘ನೀವು ಡಾಕ್ಟರಾ, ನಾನು ಡಾಕ್ಟರಾ?’

ಕೊನೆಗೆ ಸರ್ಕಾರಿ ಆಸ್ಪತ್ರೆಯ ಚರ್ಮದ ಡಾಕ್ಟರ್ ಹತ್ತಿರ ಹೋದೆವು. ಅವರು ಮೊದಲು ಕೇಳಿದ್ದೇ ‘ಕುಲುಕಿದ್ರಾ?’ ಅಂತ. ನನಗೆ ಅಲ್ಲೇ ಗೊತ್ತಾಯಿತು. ನಿಜವಾದ ಡುಪಿಲುಮ್ಯಾಬ್ ಕಂಪನಿಯೇ ತುಂಬಿಸಿದ ಸಿರಿಂಜ್ ಅಥವಾ ಪೆನ್‌ನಲ್ಲಿ ಬರುತ್ತದೆ. 2ರಿಂದ 8 ಡಿಗ್ರಿಯ ಫ್ರಿಜ್‌ನಲ್ಲಿ ಇಡಬೇಕು, ಕುಲುಕಲೇಬಾರದು, ತಿಳಿಯಾಗಿರುತ್ತದೆ. 15 ಕೆಜಿ ಒಳಗಿನ ಮಗುವಿಗೆ ನಾಲ್ಕು ವಾರಕ್ಕೊಮ್ಮೆ 200 ಮಿಲಿಗ್ರಾಂ. ಇಮ್ಯೂನಿಟಿ ಹೆಚ್ಚಿಸೋ ಔಷಧವೇ ಅಲ್ಲ. ಸುಮ್ನೆ ಕೆರಳಿ ಚರ್ಮ ಉರಿಸುವ ದೇಹದೊಳಗಿನ ಎರಡು ಸಂಕೇತಗಳನ್ನು, ಐಎಲ್-4 ಮತ್ತು ಐಎಲ್-13 ಅಂತೆ, ತಡೆಯುತ್ತದೆ ಅಷ್ಟೇ. ಶಾಶ್ವತವಾಗಿ ವಾಸಿ ಮಾಡೋದೂ ಇಲ್ಲ. ನಮಗೆ ಚುಚ್ಚಿದ್ದು ಉರಿ ಬೇಗ ಇಳಿಸುವ ಸ್ಟೀರಾಯ್ಡ್ ಇರಬೇಕು, ಮುಖ ಊದಿದ್ದು, ಹಸಿವು ಹೆಚ್ಚಿದ್ದು ಅದರಿಂದಲೇ ಇರಬೇಕು ಅಂದರು.

ಡಬ್ಬಿ, ಬ್ಯಾಚ್ ನಂಬರ್, ಬಿಲ್ ಕೊಡದಿದ್ದರೆ ಎದ್ದು ಬನ್ನಿ. ‘ಗ್ಯಾರಂಟಿ’ ಅಂದರೆ ಅದಕ್ಕೂ ಮೊದಲೇ ಎದ್ದು ಬನ್ನಿ.

36,000 ವಾಪಸ್ ಕೇಳಿದೆ. ‘ಮೂರನೇ ಡೋಸ್‌ಗೆ ಬನ್ನಿ, ಮಾತಾಡೋಣ’ ಅಂದರು. ಈಗ ನನ್ನ ನಂಬರ್ ಬ್ಲಾಕ್ ಮಾಡಿದ್ದಾರೆ.