ಕಾರಿನ ತುಕ್ಕಿಗೆ ನಿಂಬೆ ಉಪ್ಪು: ನಾಲ್ಕು ಮಳೆಗಾಲ ಕಳೆದ ಮೇಲೆ ನನ್ನ ಅನಿಸಿಕೆ

ನನ್ನದು 2004ರ ಮಾರುತಿ 800. ಮನೆ ಕಲಬುರಗಿಯಲ್ಲಿ, ಹೊಲ ಜೇವರ್ಗಿ ಕಡೆ. ವಾರಕ್ಕೆ ಒಂದು ಸಲವಾದರೂ ಹೋಗಿ ಬರುತ್ತೇನೆ. ಇಷ್ಟು ಬಿಸಿಲಿನ ಊರಲ್ಲಿ ಕಾರಿಗೆ ತುಕ್ಕು ಎಲ್ಲಿಂದ ಬರುತ್ತೆ ಅಂತ ಬೆಂಗಳೂರಿನ ನೆಂಟರು ಕೇಳುತ್ತಾರೆ. ಅವರು ನಮ್ಮ ಎರೆ ಮಣ್ಣು ನೋಡಿಲ್ಲ. ಮಳೆಗಾಲದಲ್ಲಿ ಹೊಲದ ದಾರಿ ಹಿಡಿದರೆ ಗಾಲಿಯ ಮೇಲೆ ಮಡ್‌ಗಾರ್ಡ್ ಒಳಗೆ ಮಣ್ಣು ಗಟ್ಟಿಯಾಗಿ ಮೆತ್ತಿಕೊಳ್ಳುತ್ತದೆ. ಮೇಲೆ ಒಣಗಿದ ಹಾಗೆ ಕಾಣುತ್ತದೆ, ಒಳಗೆ ವಾರಗಟ್ಟಲೆ ಹಸಿಯಾಗಿಯೇ ಇರುತ್ತದೆ. ಬಾಗಿಲ ಕೆಳಗೆ ನೀರು ಇಳಿಯಲು ಬಿಟ್ಟಿರುವ ಸಣ್ಣ ತೂತುಗಳೂ ಅದರಿಂದಲೇ ಮುಚ್ಚಿಹೋಗುತ್ತವೆ. ಜಂಗು ಶುರುವಾಗುವುದು ಅಲ್ಲೇ.

ಮೊದಲು ಒಂದು ಗ್ಯಾರೇಜಿಗೆ ಕೊಟ್ಟಿದ್ದೆ. ತುಕ್ಕು ತೆಗೆಯದೆ ಅದರ ಮೇಲೆಯೇ ಪುಟ್ಟಿ ಹಚ್ಚಿ ಬಣ್ಣ ಹೊಡೆದರು. ವರ್ಷ ತುಂಬುವುದರೊಳಗೆ ಗುಳ್ಳೆ ಎದ್ದವು. ತುಂಬಾ ಬೇಜಾರಾಯಿತು. 2021ರ ಮಾರ್ಚ್‌ನಲ್ಲಿ ನಾನೇ ಕೈಹಾಕಿದೆ.

ಮೂರು ಬಳಸಿ ನೋಡಿದ್ದೇನೆ. ಅಡುಗೆಮನೆಯ ವಿನೆಗರ್, ಕಿರಾಣಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು ಅಂದರೆ ಸಿಟ್ರಿಕ್ ಆಸಿಡ್, ಮತ್ತು ಬಣ್ಣದಂಗಡಿಯ ಫಾಸ್ಫರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್. ವಿನೆಗರ್‌ನಲ್ಲಿ ಆಸಿಡ್ ಸುಮಾರು 4% ಮಾತ್ರ. ಕೆಲಸ ಮಾಡುತ್ತದೆ, ಆದರೆ ನಿಧಾನ, ವಾಸನೆ ಬೇರೆ. ನಿಂಬೆ ಉಪ್ಪನ್ನೇ ನಾನು ಮುಂದುವರಿಸಿದೆ. ವಾಸನೆ ಇಲ್ಲ, ಕಿಲೋಗೆ ನಾನು ಕೊಟ್ಟಿದ್ದು 200 ರೂಪಾಯಿ ಆಸುಪಾಸು, ಮತ್ತು ಎಷ್ಟು ಗಟ್ಟಿ ಬೇಕೋ ಅಷ್ಟು ಕಲಸಿಕೊಳ್ಳಬಹುದು. ನನ್ನ ಅಳತೆ ಒಂದು ಲೀಟರ್ ಬೆಚ್ಚಗಿನ ನೀರಿಗೆ 100 ಗ್ರಾಂ.

ಬಿಚ್ಚಲು ಬರುವ ಸಾಮಾನಿಗೆ ಇದರಷ್ಟು ಒಳ್ಳೆಯದು ನಾನು ಕಂಡಿಲ್ಲ. ಬ್ಯಾಟರಿ ಟ್ರೇ, ಬಂಪರ್ ಹಿಡಿಯುವ ಪಟ್ಟಿ, ಜ್ಯಾಕಿನ ಹ್ಯಾಂಡಲ್, ಎಲ್ಲವನ್ನೂ ಗ್ರೀಸ್ ತೊಳೆದು ಪ್ಲಾಸ್ಟಿಕ್ ಬಕೆಟ್‌ನಲ್ಲಿ ರಾತ್ರಿ ಮುಳುಗಿಸಿಟ್ಟೆ. ಬೆಳಿಗ್ಗೆ ತುಕ್ಕು ಕಪ್ಪು ರಾಡಿಯಾಗಿ ಬಿಟ್ಟುಕೊಂಡಿತ್ತು. ಬ್ರಷ್ ಆಡಿಸಿದರೆ ಸಾಕು, ಬೂದು ಬಣ್ಣದ ಕಬ್ಬಿಣ. ಬ್ಯಾಟರಿ ಟ್ರೇಯನ್ನು ಮಾತ್ರ ಮೊದಲು ಅಡುಗೆ ಸೋಡಾ ನೀರಿನಲ್ಲಿ ತೊಳೆಯಬೇಕು, ಅಲ್ಲಿ ಬ್ಯಾಟರಿಯ ಗಂಧಕಾಮ್ಲ ಚೆಲ್ಲಿರುತ್ತದೆ. ಎರಡು ದಿನ ಮೂರು ದಿನ ನೆನೆಸಿಡುವ ಆಸೆ ಬೇಡ. ತುಕ್ಕು ಮುಗಿದ ಮೇಲೆ ಆಸಿಡ್ ಒಳ್ಳೆಯ ಕಬ್ಬಿಣವನ್ನೇ ತಿನ್ನಲು ಶುರು ಮಾಡುತ್ತದೆ.

ಬಾಡಿಯ ಮೇಲೆ ಮಾಡುವಾಗ ನಮ್ಮೂರಿನ ಬಿಸಿಲೇ ಕಷ್ಟ. ಮಧ್ಯಾಹ್ನ ಹಚ್ಚಿದರೆ ಹತ್ತು ನಿಮಿಷಕ್ಕೆ ಒಣಗಿ ಹಳದಿ ಕಲೆ ಬೀಳುತ್ತದೆ. ಅದಕ್ಕೆ ನಾನು ಸಂಜೆ ಐದರ ಮೇಲೆ ಕೂರುತ್ತೇನೆ. ಗುಳ್ಳೆ ಎದ್ದ ಬಣ್ಣವನ್ನು ಪಾಲಿಶ್ ಪೇಪರ್‌ನಿಂದ ಉಜ್ಜಿ ತೆಗೆದು, ಹಳೇ ಬನಿಯನ್ ಬಟ್ಟೆಯನ್ನು ದ್ರಾವಣದಲ್ಲಿ ಅದ್ದಿ ಅಂಟಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತುತ್ತೇನೆ. ಎರಡು ಮೂರು ಗಂಟೆಗೊಮ್ಮೆ ಬಟ್ಟೆ ಬದಲು. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲೇಬೇಕು. ಸೌಮ್ಯ ಆಸಿಡ್ ಅಂದರೂ ಕಣ್ಣಿಗೆ ಸೌಮ್ಯ ಅಲ್ಲ.

ಇನ್ನು ನೆಲದ ಮಾತು. ನಮ್ಮ ಕಡೆ ಬಹಳ ಮನೆಗಳ ಅಂಗಳದಲ್ಲಿ ಶಹಾಬಾದ್ ಫರ್ಸಿ ಇರುತ್ತದೆ, ನಮ್ಮಲ್ಲೂ ಅದೇ. ಅದು ಸುಣ್ಣದ ಕಲ್ಲು. ಆಸಿಡ್ ಬಿದ್ದರೆ ನೊರೆ ಬಂದು ಕಲ್ಲೇ ಕರಗುತ್ತದೆ. ಮೊದಲ ರಾತ್ರಿ ಇದು ನನಗೆ ಹೊಳೆಯಲಿಲ್ಲ. ಮಡ್‌ಗಾರ್ಡ್‌ನಿಂದ ತೊಟ್ಟಿಕ್ಕಿದ್ದು ಬೆಳಗಾಗುವಷ್ಟರಲ್ಲಿ ನುಣುಪಾದ ಕಲ್ಲಿನ ಮೇಲೆ ಬಿಳಿ ಬಿಳಿ ಒರಟು ಮಚ್ಚೆ ಮಾಡಿತ್ತು. ನಾಲ್ಕು ವರ್ಷದಿಂದ ಅಮ್ಮ ದಿನಾ ಅದರ ಮೇಲೆ ನೀರು ಹಾಕಿ ಒರೆಸುತ್ತಾರೆ, ಹೋಗಿಲ್ಲ, ಹೋಗುವುದೂ ಇಲ್ಲ. ಅಪ್ಪ ಇದ್ದಾಗ ಹಾಕಿಸಿದ ಕಲ್ಲು ಅದು. ನೋಡಿದಾಗಲೆಲ್ಲ ಬೇಸರವಾಗುತ್ತದೆ. ಈಗ ಕೆಳಗೆ ತಾಡಪಾಲು ಹಾಸಿ, ಅದರ ಮೇಲೆ ಅಗಲವಾದ ಟಬ್ ಇಟ್ಟೇ ಕೆಲಸ ಶುರು.

ಆಸಿಡ್ ತೆಗೆದ ಮೇಲಿನ ಒಂದು ಗಂಟೆಯಲ್ಲೇ ಎಲ್ಲ ತೀರ್ಮಾನವಾಗುತ್ತದೆ. ಲೀಟರ್ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ತೊಳೆಯಬೇಕು, ಆಮೇಲೆ ಬರೀ ನೀರು. ನಮ್ಮ ಬೋರ್‌ವೆಲ್ ನೀರು ಗಡಸು, ಬಿಳಿ ಕಲೆ ಉಳಿಯುತ್ತದೆ, ಹಾಗಾಗಿ ಕೊನೆಯ ಒರೆತಕ್ಕೆ ಕುಡಿಯುವ ಫಿಲ್ಟರ್ ನೀರು. ಕೂಡಲೇ ಒಣಗಿಸಿ ಅದೇ ದಿನ ಪ್ರೈಮರ್ ಹೊಡೆಯಬೇಕು. ಏಪ್ರಿಲ್‌ನಲ್ಲಿ ಒಣಗುವುದು ಸುಲಭ. ಆಗಸ್ಟ್‌ನಲ್ಲಿ ಒಮ್ಮೆ ಮಾಡಿದಾಗ ಚಹಾ ಕುಡಿದು ಬರುವಷ್ಟರಲ್ಲಿ ಕಬ್ಬಿಣದ ಮೇಲೆ ಮತ್ತೆ ಕೆಂಪು ಹೊಗೆಯಂಥ ಪದರ ಬಂದಿತ್ತು. ಬಾನೆಟ್ ಅಂಚಿಗೆ ವಿನೆಗರ್ ಬಳಸಿದ್ದೆ, ಮದುವೆಗೆ ಹೋಗುವ ಗಡಿಬಿಡಿಯಲ್ಲಿ ಪ್ರೈಮರ್ ಮೂರು ದಿನ ತಡವಾಯಿತು. ಅದೇ ವರ್ಷ ತುಕ್ಕು ವಾಪಸ್. ಅದು ವಿನೆಗರ್‌ನ ತಪ್ಪಲ್ಲ. ಹಿಂದಿನ ಎರಡೂ ಮಡ್‌ಗಾರ್ಡ್‌ಗಳಿಗೆ ನಿಂಬೆ ಉಪ್ಪು ಹಚ್ಚಿ, ಅದೇ ರಾತ್ರಿ ಎಪಾಕ್ಸಿ ಪ್ರೈಮರ್ ಹೊಡೆದಿದ್ದೆ. ನಾಲ್ಕು ಮಳೆಗಾಲ ಕಳೆದಿದೆ, ಇವತ್ತಿಗೂ ಒಂದು ಗುಳ್ಳೆ ಇಲ್ಲ.

ರಸ್ಟ್ ಕನ್ವರ್ಟರ್ ಅನ್ನು ಆಳವಾದ ಗುಳಿಗಳಿಗೆ ಮಾತ್ರ ಇಟ್ಟುಕೊಂಡಿದ್ದೇನೆ. ಉಳಿದ ತುಕ್ಕನ್ನು ಅದು ಗಟ್ಟಿಯಾದ ಫಾಸ್ಫೇಟ್ ಪದರ ಮಾಡುತ್ತದೆ, ಅದರ ಮೇಲೆ ಬಣ್ಣ ಚೆನ್ನಾಗಿ ಕೂರುತ್ತದೆ. ಪದರಪದರವಾಗಿ ಏಳುವ ತುಕ್ಕಿನ ಮೇಲೆ ಸುಮ್ನೆ ಬಳಿದರೆ ಪ್ರಯೋಜನ ಇಲ್ಲ.

ಕಕ್ಕಸು ತೊಳೆಯುವ ಆಸಿಡ್ ಬೇಗ ಕೆಲಸ ಮಾಡುತ್ತೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಅದು ಹೈಡ್ರೋಕ್ಲೋರಿಕ್ ಆಸಿಡ್. ಅದರ ಹೊಗೆಗೇ ಕೋಣೆಯಲ್ಲಿರುವ ಸ್ಪ್ಯಾನರ್, ಸ್ಕ್ರೂಡ್ರೈವರ್‌ಗಳೆಲ್ಲ ತುಕ್ಕು ಹಿಡಿಯುತ್ತವೆ, ಉಸಿರಿಗೂ ಕೆಟ್ಟದ್ದು. ಹಾಗೆಯೇ ಸಸ್ಪೆನ್ಷನ್ ಸ್ಪ್ರಿಂಗ್, ಸೀಟ್‌ಬೆಲ್ಟ್ ಬೋಲ್ಟ್, ಬ್ರೇಕಿನ ಭಾಗಗಳಿಗೆ ಯಾವ ಆಸಿಡ್ಡೂ ಬೇಡ. ಗಟ್ಟಿ ಉಕ್ಕಿನೊಳಗೆ ಹೈಡ್ರೋಜನ್ ಸೇರಿದರೆ ಅದು ಪೆಡಸಾಗಿ, ಹೊರಗೆ ಏನೂ ಕಾಣದೆ ಮುರಿಯಬಹುದು. ಇದು ಜೀವದ ಪ್ರಶ್ನೆ ಅಲ್ವಾ? ಅಲ್ಯೂಮಿನಿಯಂಗೂ ಸತುವಿನ ಲೇಪನಕ್ಕೂ ಬೇಡ, ಅವನ್ನು ಆಸಿಡ್ ತಿನ್ನುತ್ತದೆ.

ಒಂದು ಜಾಗದಲ್ಲಿ ನಾನು ಪೂರ್ತಿ ಸೋತೆ. ಎಡಗಡೆ ಹಿಂದಿನ ಬಾಗಿಲ ಕೆಳಗಿನ ಮಡಿಕೆ, ಎರಡು ತಗಡು ಒಂದರೊಳಗೊಂದು ಮಡಚಿದ ಜಾಗ. ಅಲ್ಲಿ ದ್ರಾವಣ ಒಳಗೆ ಇಳಿಯಿತು, ತೊಳೆದ ನೀರು ಇಳಿಯಲಿಲ್ಲ. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಕಂದು ಗೆರೆ ಸೋರತೊಡಗಿತು. ಎರಡು ಸಲ ತಂತಿ ಬ್ರಷ್ ಹಾಕಿ ಬಣ್ಣ ಬಳಿದೆ, ಎರಡು ಸಲವೂ ವಾಪಸ್ ಬಂತು. ಮಡಿಕೆ ಇರುವ ಕಡೆ ಈಗ ಆಸಿಡ್ ಮುಟ್ಟಿಸುವುದಿಲ್ಲ, ಉಜ್ಜಿ ಒಣಗಿಸಿ ಮೇಣದ ಸ್ಪ್ರೇ ಹೊಡೆಯುತ್ತೇನೆ. ಆ ಬಾಗಿಲ ಅಂಚನ್ನು ಈ ಬೇಸಿಗೆಯಲ್ಲಿ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸುತ್ತೇನೆ. ಒಳಗೆ ಮೇಣ ಹೊಡೆದು, ಕೆಳಗಿನ ತೂತುಗಳನ್ನು ತಂತಿಯಿಂದ ಬಿಡಿಸಿದ ಮೇಲೆಯೇ ಕಾರು ಮತ್ತೆ ಹೊಲದ ದಾರಿಗೆ ಇಳಿಯುತ್ತದೆ.